ಚಂದ್ರಿಯ ಗ್ಯಾಸ್

ಅವ್ವ ಇನ್ನೊಂದು ಕಡ್ಡಿ ಗೀರಿದಳು. ಒಲೆ ಹೊತ್ತಲಿಲ್ಲ.

“ಯಾಕ ಹತ್ತವಲ್ದಿದು? ಗೀತಾ, ಹಿತ್ತಲಕ ಹೋಗಿ ಡ್ರಮ್ ನೋಡಿ ಬಾ. ಇಳದೈತೇನ?”

ಗೀತಾಂಜಲಿ ಹಿತ್ತಲಿಗೆ ಓಡಿದಳು. ಗೋಬರ್ ಗ್ಯಾಸ್ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ ತೇಲುತ್ತಿತ್ತು. ಒಳಗೆ ಗ್ಯಾಸ್ ತುಂಬಿದರೆ ಅದು ಮೇಲೆ ಏಳುತ್ತದೆ, ಖರ್ಚಾದರೆ ಕೆಳಗೆ ಇಳಿಯುತ್ತದೆ. ಈಗ ಅದು ಇನ್ನೂ ಗೇಣುದ್ದ ಮೇಲೇ ಇತ್ತು. ಇರದೆ ಏನು? ಪೈಪಿನ ವಾಲ್ವನ್ನು ಬೆಳಿಗ್ಗೆ ಅವಳೇ ಗಟ್ಟಿಯಾಗಿ ತಿರುಗಿಸಿ ಬಂದ್ ಮಾಡಿದ್ದಳು.

ಒಳಗೆ ಬಂದು, ಅವ್ವನ ಮುಖ ನೋಡದೆ ಹೇಳಿದಳು, “ಪೂರಾ ಇಳದೈತಿ ಬೇ. ಗ್ಯಾಸ್ ಮುಗದೈತಿ.”

“ಮುಗೀದೇ ಏನ ಮಾಡ್ತೈತಿ. ಗುಂಡಿಗೆ ಹಾಕಾಕ ಹೆಂಡೀರ ಎಲ್ಲೈತಿ?” ಎಂದು ಅವ್ವ ತೊಗರಿ ಕಟ್ಟಿಗೆ ತರಲು ಎದ್ದಳು.

ಹೊನವಾಡದ ಆ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ, ಚಂದ್ರಿ. ಹಣೆಯ ಮೇಲೆ ಬಿಳಿ ಮಚ್ಚೆ. ಹೆಸರು ಕರೆದರೆ ಸಾಕು, ಬಾಯಿ ತುಂಬ ಮೇವಿದ್ದರೂ ತಿರುಗಿ ನೋಡುತ್ತಿತ್ತು. ಅವ್ವ ಹೆಂಡಿ ಎನ್ನುತ್ತಿದ್ದ ಚಂದ್ರಿಯ ಸೆಗಣಿ, ಅಡುಗೆಮನೆಯ ಮುಸುರೆ, ಅಪ್ಪ ದುಡಿಯುವ ತೋಟದಲ್ಲಿ ಉದುರಿ ಕೊಳೆತ ದ್ರಾಕ್ಷಿ, ಎಲ್ಲ ಆ ಗುಂಡಿಗೆ ಹೋಗುತ್ತಿತ್ತು. ಶಾಲೆಗೆ ಹೋಗುವ ಮುಂಚೆ ಅದನ್ನೆಲ್ಲ ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿ ಸುರಿಯುವುದು ಗೀತಾಂಜಲಿಯ ಕೆಲಸ. ಎಷ್ಟು ಸೋಪು ಹಚ್ಚಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೆ ಅವಳು ಚಂದ್ರಿಯನ್ನೇ ಬೈಯುತ್ತಿದ್ದಳು. ಪಾಪ, ಚಂದ್ರಿ ಕಿವಿ ಅಲ್ಲಾಡಿಸುತ್ತ ಬೈಸಿಕೊಳ್ಳುತ್ತಿತ್ತು.

ಹೋದ ವಾರ ಚಂದ್ರಿಯ ಹೊಟ್ಟೆ ಉಬ್ಬಿತು. ಟಿಕೋಟಾದಿಂದ ದನದ ಡಾಕ್ಟರ್ ಬೈಕಿನಲ್ಲಿ ಧಾವಿಸಿ ಬಂದರು, ಇಂಜೆಕ್ಷನ್ ಮಾಡಿದರು, ಬಾಯಿಗೆ ಎಣ್ಣೆ ಹಾಕಿಸಿದರು. ಆದರೂ ಚಂದ್ರಿ ಉಳಿಯಲಿಲ್ಲ.

ಅದರ ಗ್ಯಾಸ್ ಮಾತ್ರ ಡ್ರಮ್ಮಿನಲ್ಲಿ ಉಳಿದಿತ್ತು. ಅವ್ವ ದಿನಾ ರೊಟ್ಟಿ ಮಾಡಿದಳು, ಡ್ರಮ್ ದಿನಾ ಇಳಿಯಿತು. ಹೀಗೇ ಬಿಟ್ಟರೆ ಚಂದ್ರಿ ಪೂರ್ತಿ ಮುಗಿದುಹೋಗುತ್ತದೆ ಎಂದು ಗೀತಾಂಜಲಿಗೆ ಭಯವಾಯಿತು. ಅದಕ್ಕೇ ವಾಲ್ವ್ ತಿರುಗಿಸಿದ್ದು.

ಸಿಕ್ಕಿಬೀಳುವ ಹೆದರಿಕೆ ಅವಳಿಗಿರಲಿಲ್ಲ. ಖಾಲಿ ಗೂಟ ನೋಡಲಾರದೆ ಹಿತ್ತಲಿಗೆ ಯಾರೂ ಹೋಗುವುದಿಲ್ಲ ಎಂದುಕೊಂಡಿದ್ದಳು. ಅಪ್ಪನಂತೂ ಒಂದು ಸಂಜೆ ರೂಢಿಯಂತೆ ಬೈಕಿನ ಹಿಂದೆ ಹಸಿ ಮೇವಿನ ಹೊರೆ ಕಟ್ಟಿಕೊಂಡು ಬಂದುಬಿಟ್ಟ. ಅಂಗಳಕ್ಕೆ ಬಂದ ಮೇಲೆ ನೆನಪಾಯಿತು. ಬೈಕಿನಿಂದ ಇಳಿಯದೆ ಹಾಗೇ ತಿರುಗಿಸಿ, ಹೊರೆಯನ್ನು ನೆರೆಮನೆಯ ಲಾಡಲೇಸಾಬನ ಆಡುಗಳಿಗೆ ಕೊಟ್ಟು ಬಂದ. ಆವತ್ತು ಅವನು ಊಟ ಮಾಡಲಿಲ್ಲ.

ಶಾಲೆಯಲ್ಲಿ ಪಕ್ಕದಲ್ಲಿ ಕೂಡುವ ಕಸ್ತೂರಿ ಒಂದು ದಿನ ಗೀತಾಂಜಲಿಯ ಕೈ ಮೂಸಿ ನೋಡಿದಳು.

“ಏ, ಈಗ ನಿನ್ನ ಕೈ ಹೆಂಡಿ ವಾಸನಿ ಬರೂದೇ ಇಲ್ಲ! ಸೋಪ್ ಚೇಂಜ್ ಮಾಡೀಯೇನ?”

ಖುಷಿಯಾಗಲಿ ಎಂದೇ ಹೇಳಿದ್ದಳು ಪಾಪ. ಗೀತಾಂಜಲಿ ಬೆಂಚಿನ ಮೇಲೆ ತಲೆಯಿಟ್ಟು ಅತ್ತಳು. ಹೊಟ್ಟೆ ನೋವೇನು ಎಂದು ಟೀಚರ್ ಕೇಳಿದರು. ಹೂಂ ಅಂದಳು.

ಆ ಸಂಜೆ ಮನೆಗೆ ಬಂದಾಗ ಅಡುಗೆಮನೆ ತುಂಬ ಹೊಗೆ. ಕಟ್ಟಿಗೆ ಹಸಿಯಾಗಿತ್ತು. ಅವ್ವ ಕಟ್ಟಿಗೆ ಒಲೆಗೆ ಕೊಳವೆ ಹಿಡಿದು ಊದುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಊದುತ್ತಿದ್ದಳು. ಕೊನೆಗೆ ಕೊಳವೆ ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದಳು. ಕಣ್ಣು ಕೆಂಪಾಗಿದ್ದವು. ಉಸಿರು ಸಿಗದೆ ಎದೆ ಹಿಡಿದುಕೊಂಡಿದ್ದಳು.

ಗೀತಾಂಜಲಿಗೆ ತನ್ನ ಮೇಲೇ ಸಿಟ್ಟು ಬಂತು. ಬ್ಯಾಗ್ ಎಸೆದು ಹಿತ್ತಲಿಗೆ ಓಡಿ, ವಾಲ್ವ್ ತೆರೆದು ಬಂದಳು.

“ಯವ್ವಾ, ಗ್ಯಾಸ್ ಐತಿ. ನಾನ ಬಂದ್ ಮಾಡಿದ್ನಿ. ಸುಳ್ಳ ಹೇಳೇನಿ.”

ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತಳು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ನನಗ ಗೊತ್ತೈತಿ. ಮರುದಿನಾನ ಹೋಗಿ ನೋಡೇನಿ. ಡ್ರಮ್ ಇನ್ನೂ ಗೇಣ ಮ್ಯಾಲಿತ್ತು.”

“ಮತ್ತ ಯಾಕ ಹಚ್ಚಲಿಲ್ಲ ಬೇ?”

“ಹಚ್ಚಿದ್ರ ಮುಗೀತಿತ್ತಲ್ಲ,” ಎಂದಳು ಅವ್ವ.

ಇಬ್ಬರೂ ಒಳಗೆ ಹೋದರು. ಅವ್ವ ಹಿಟ್ಟು ನಾದಿದಳು. ಗೀತಾಂಜಲಿ ಕಡ್ಡಿ ಗೀರಿದಳು. ನೀಲಿ ಉರಿ ಎದ್ದಿತು. ಅಷ್ಟರಲ್ಲಿ ಅಪ್ಪ ಬಂದ. ಒಲೆ ನೋಡಿದ. ಕೈಕಾಲು ತೊಳೆಯದೆ ಗೋಡೆಗೆ ಒರಗಿ ಅಲ್ಲೇ ಕೂತ.

ಮೂವರೂ ಉರಿಯನ್ನೇ ನೋಡುತ್ತಿದ್ದರು. ರೊಟ್ಟಿ ಮೇಲೆ ರೊಟ್ಟಿ ಬೆಂದಂತೆ ಉರಿ ಸಣ್ಣದಾಯಿತು. ಆಮೇಲೆ ಒಲೆಯ ಒಂದು ಬದಿಯಲ್ಲಷ್ಟೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಅರ್ಧ ಬೇಯುವಷ್ಟರಲ್ಲಿ ಅದೂ ಆರಿತು.

ಒಲೆ ಬಂದ್ ಮಾಡಲು ಅವ್ವ ಬಟನ್ನಿನ ಮೇಲೆ ಕೈಯಿಟ್ಟಳು. ತಿರುಗಿಸಲಿಲ್ಲ. ಹಿಟ್ಟು ಹತ್ತಿದ ಬೆರಳು ಅಲ್ಲೇ ನಿಂತಿದ್ದವು. ದೊಡ್ಡವರಿಂದಲೂ ಆಗದ ಕೆಲಸ ಇರುತ್ತದೆ ಎಂದು ಗೀತಾಂಜಲಿಗೆ ಇಲ್ಲಿಯವರೆಗೆ ತಿಳಿದಿರಲಿಲ್ಲ.

ಅವಳು ಅವ್ವನ ಕೈಯ ಮೇಲೆ ತನ್ನ ಕೈಯಿಟ್ಟು, ಮೆಲ್ಲಗೆ ಬಟನ್ ತಿರುಗಿಸಿದಳು.