ಎಡಮೂಗಿನ ನೀರು

"ಇದು ನಿಮ್ಮ ಮೂಗಿನದಲ್ಲ, ನಲ್ಲಿ ನೀರು!"

ವಾರ್ಡಿನ ಬಾಗಿಲಿನಿಂದಲೇ ಕೂಗುತ್ತಾ ಬಂದವನು ಲ್ಯಾಬ್ ಟೆಕ್ನಿಷಿಯನ್. ಕೈಯಲ್ಲಿ ಪುಟ್ಟ ಟ್ಯೂಬು. ಪಕ್ಕದ ಮಂಚದ ಅಜ್ಜಿಯೂ ಎದ್ದು ಕೂತರು.

ಅವಳ ಮುಖ ಕೆಂಪಾಯಿತು.

ವಧುಗಳಿಗೆ ಮೇಕಪ್ ಮಾಡುವ ಬ್ಯೂಟಿಷಿಯನ್ ಅವಳು. ಐದು ತಿಂಗಳಿಂದ ಎಡಮೂಗಿನಲ್ಲಿ ನೀರು. ಬಗ್ಗಿದರೆ ಸಾಕು, ತೊಟ್! ಒಂದು ಹನಿ ವಧುವಿನ ತುಟಿಯ ಮೇಲೇ ಬಿದ್ದ ದಿನ ಕೆಲಸವೂ ಹೋಯಿತು. ಪಾರ್ಲರಿನವರು 'ಸಿಂಬಳ ಸುಂದರಿ' ಎಂದು ಹೆಸರಿಟ್ಟರು. ಮನೆಯಲ್ಲಿ ಅತ್ತಿಗೆ ಅವಳ ಲೋಟವನ್ನು ಎರಡೇ ಬೆರಳಲ್ಲಿ ಎತ್ತುತ್ತಿದ್ದಳು. ಅತ್ತಿಗೆಯನ್ನೇನು ಅನ್ನುವುದು! ಗಂಟಲಿಗಿಳಿಯುವ ಆ ಉಪ್ಪುಪ್ಪು ರುಚಿಗೆ ಅವಳಿಗೇ ವಾಕರಿಕೆ... ಥೂ!

ಅಂಥದ್ದನ್ನು ಪರೀಕ್ಷೆಗೆಂದು ಟ್ಯೂಬಿನಲ್ಲಿ ಹಿಡಿದು ಯಾರೋ ಗಂಡಸಿನ ಕೈಗೆ ಕೊಡುವುದೇ? ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದ್ದಳು.

"ಎಲ್ಲರೆದುರು ಹೀಗೆ ಕೂಗ್ತೀರಲ್ಲ, ನಾಚಿಕೆ ಆಗಲ್ವಾ?"

"ಪ್ರಾಣಕ್ಕಿಂತ ನಾಚಿಕೆ ದೊಡ್ಡದಾ?" ಅವನ ದನಿ ಇಳಿಯಿತು. "ಸಿಂಬಳದಲ್ಲೂ ಉಪ್ಪು, ಪ್ರೋಟೀನು ಅಂತ ಏನಾದ್ರೂ ಇರುತ್ತೆ. ಇದರಲ್ಲಿ ಏನೂ ಇಲ್ಲ. ಮಿದುಳಿನ ಸುತ್ತ ಇರೋ ನೀರೇ ಸೋರ್ತಿದೆ ಅಂತ ಡಾಕ್ಟರಿಗೆ ಅನುಮಾನ. ಅದು ಹೊರಗೆ ಬರೋ ದಾರೀಲಿ ಸೋಂಕು ಒಳಗೆ ಹೋಗುತ್ತೆ, ಮಿದುಳಿಗೇ! ನಾನು ಸುಮ್ನೆ ರಿಪೋರ್ಟ್ ಬರೆದಿದ್ರೆ ನೆಗಡಿ ಅಂತ ನಿಮ್ಮನ್ನ ಮನೆಗೆ ಕಳಿಸ್ತಿದ್ರು."

ಅವಳು ಅಂಗೈಯಿಂದ ಮೂಗು ಮುಚ್ಚಿಕೊಂಡಳು.

"ನಂಗೆ ನನ್ನ ಮೇಲೇ ಹೇಸಿಗೆ..." ಎಂದಳು ಸಣ್ಣಗೆ.

"ಬಗ್ಗಿ. ನಾನೇ ಹಿಡೀತೀನಿ."

ಸಿಸ್ಟರ್ ಪರದೆ ಎಳೆದರು. ಅವಳು ಬಗ್ಗಿದಳು. ಮೊದಲ ಹನಿ ಟ್ಯೂಬು ತಪ್ಪಿ, ಗ್ಲೌಸಿನ ಮೇಲ್ಗಡೆ ಅವನ ಮುಂಗೈ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಅವನು ಮುಖ ಸಿಂಡರಿಸದೆ "ಇನ್ನೊಂದು" ಎಂದ. ಅರ್ಧ ಗಂಟೆ ಹಾಗೇ ಕುಕ್ಕರುಗಾಲಲ್ಲಿ ಕೂತ. ಐದು ತಿಂಗಳಲ್ಲಿ ಯಾರೂ ಅವಳ ಅಷ್ಟು ಹತ್ತಿರ ಕೂತಿರಲಿಲ್ಲ.

'ಇವನು ಹೀಗೇ ಕೂತಿರಲಿ...' ಅಯ್ಯೋ, ಮೂಗು ಸೋರುವಾಗ ಇದೆಂಥ ಆಸೆ!

ಆದರೆ ಎದ್ದವನೇ ಬೇಸಿನ್ನಿಗೆ ಹೋಗಿ, ಸೋಪು ಹಾಕಿ, ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದ. ತಿರುಗಿಯೂ ನೋಡದೆ ಹೊರಟುಹೋದ.

ಇವನೂ ಅಷ್ಟೇ! ಅವಳು ದಿಂಬಿಗೆ ಮುಖ ಒತ್ತಿ ಅತ್ತಳು.

ರಿಪೋರ್ಟ್ ಬಂತು. ಮಿದುಳಿನ ನೀರೇ. ಮೂಗಿನ ಮೂಲಕವೇ ಆಪರೇಷನ್ ಮಾಡಿ ಒಳಗಿನ ಸೀಳು ಮುಚ್ಚಿದರು. ಮೂಗು ಒಣಗಿತು. ಹತ್ತು ದಿನ ಅವನ ಸುಳಿವೇ ಇಲ್ಲ.

ಮನೆಗೆ ಹೊರಡುವ ದಿನ ಮಾಸ್ಕ್ ಹಾಕಿಕೊಂಡು ಬಾಗಿಲಾಚೆ ನಿಂತಿದ್ದ.

"ಈಗ ಬಂದ್ರಾ? ಅವತ್ತು ಚರ್ಮ ಕಿತ್ತುಹೋಗೋ ಹಾಗೆ ತೊಳೆದ್ರಲ್ಲ, ಅಷ್ಟು ಹೇಸಿಗೆನಾ ನಾನು?"

"ಅಯ್ಯೋ! ಎಲ್ಲರಿಗೂ ಹಾಗೇ ತೊಳೀತೀನಿ ಕಣ್ರೀ, ಅದು ನಮ್ಮ ಕೆಲಸ. ಮಾರನೇ ದಿನ ನಂಗೇ ನೆಗಡಿ ಹಿಡೀತು. ನಿಮಗೆ ಅಂಟಿ, ನೀವೊಂದು ಜೋರಾಗಿ ಸೀನಿದ್ರೆ ಮುಚ್ಚಿದ್ದು ಬಿಚ್ಚಿಕೊಳ್ಳುತ್ತೆ ಅಂತ ಸಿಸ್ಟರ್ ಒಳಗೇ ಬಿಡ್ಲಿಲ್ಲ. ದಿನಾ ಬಂದು ಈ ಬಾಗಿಲಿನ ಗಾಜಿನಿಂದ ನೋಡಿ ಹೋಗ್ತಿದ್ದೆ. ನೋಡದೆ ಇರೋಕೆ ಆಗ್ತಿರ್ಲಿಲ್ಲ... ನೀವಂದ್ರೆ ನಂಗೆ ಅಷ್ಟು ಇಷ್ಟ."

ಹೇಳಿದವನೇ ಆ ಕಡೆ ತಿರುಗಿ, ಮಾಸ್ಕ್ ಇಳಿಸಿ, ಕರ್ಚೀಫಿಗೆ ಜೋರಾಗಿ ಮೂಗು ಸೀಟಿದ. ನಿಜಕ್ಕೂ ಅಸಹ್ಯವಾಗಿತ್ತು. ಆದರೂ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

"ಹೇಸಿಗೆ ಆಯ್ತಾ?"

"ತುಂಬಾ! ನೆಗಡಿ ಹೋದ ಮೇಲೆ ಮನೆಗೆ ಬನ್ನಿ."

"ಹೋಗದಿದ್ರೆ?"

"ಹೋಗದಿದ್ರೂ ಬನ್ನಿ..."