ಮೊಳೆಯ ಮೇಲಿನ ವಾಚು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ವಾದ ಮಾಡುವಷ್ಟು ತ್ರಾಣ ನನಗಿಲ್ಲ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು ಸೊಂಟ ಬಿದ್ದುಹೋಗಿದೆ.

ಇದೇ ಮೇಜಿನ ಮುಂದೆ ಮೂವತ್ತು ವರ್ಷ ನಿಂತಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ವಾಚು ನನಗೆ ಬಂತು. ಬಿಳಿ ಮುಖ, ಎರಡು ಮುಳ್ಳು, ದಿನಾ ಬೆಳಿಗ್ಗೆ ಕೀ ಕೊಡಬೇಕು, ಅಷ್ಟೇ. ಮಾವ ಎಡಚ, ಬಲಗೈಗೆ ಕಟ್ಟುತ್ತಿದ್ದರು. ನಾನು ಎಡಗೈಗೆ. ಹಬೆ ತಾಗದಿರಲೆಂದು ಕೆಲಸದ ಹೊತ್ತಲ್ಲಿ ಮೊಳೆಗೆ ನೇತುಹಾಕಿ, ಸಂಜೆ ಕಟ್ಟಿಕೊಂಡರೆ ಜೀವಕ್ಕೆ ಹಾಯೆನಿಸುತ್ತದೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಾಗಿಲ್ಲ.

ಹೋದ ವಾರ ಸುಸ್ತಿನಲ್ಲಿ ಮೂರು ದಿನ ಕೀ ಕೊಡುವುದನ್ನೇ ಮರೆತೆ. ವಾಚು ನಿಲ್ಲಲಿಲ್ಲ. ನಾಲ್ಕನೇ ದಿನ ತಿರುಗಿಸಲು ಹೋದರೆ ಕೀ ಆಗಲೇ ತುಂಬಿತ್ತು. ಮೈ ಬೇಯುವಂಥ ಆ ಕೋಣೆಯಲ್ಲಿ ಅದರ ಪಟ್ಟಿ ಮಾತ್ರ ತಣ್ಣಗಿತ್ತು.

ಅತ್ತೆಗೆ ಹೇಳಿದೆ. "ನಿಮ್ಮ ಮಾವನಿಗೂ ಅದೊಂದೇ ಸುಖ ಕಣೋ," ಅಂದರು ತರಕಾರಿ ಹೆಚ್ಚುತ್ತಾ. "ಮಧ್ಯಾಹ್ನ ಊಟ ಆದ್ಮೇಲೆ ಅದನ್ನ ಕಟ್ಕೊಂಡು ಸ್ಟೂಲ್ ಮೇಲೆ ಹತ್ತು ನಿಮಿಷ ಕಣ್ಣು ಮುಚ್ತಿದ್ರು. ಎಬ್ಬಿಸಿದ್ರೆ ಯಮನ ಹಾಗೆ ರೇಗ್ತಿದ್ರು."

ನಿನ್ನೆ ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಅಗುಳಿ ಹಾಕಿ, ಊಟ ಮಾಡಿ, ಅದೇ ಸ್ಟೂಲ್ ಮೇಲೆ ಕೂತೆ. ವಾಚು ಮೊಳೆಯ ಮೇಲಿತ್ತು. ಮುಟ್ಟುವ ಧೈರ್ಯ ಬರಲಿಲ್ಲ. ಹಾಗೇ ಜೊಂಪು ಹತ್ತಿತು. ನಿಜ ಹೇಳಬೇಕೆಂದರೆ, ಅಷ್ಟು ಸುಖವಾದ ನಿದ್ದೆ ಮಾಡಿ ವರ್ಷಗಳೇ ಆಗಿದ್ದವು.

ಎದ್ದಾಗ ಅಗುಳಿ ಹಾಕಿದಂತೆಯೇ ಇತ್ತು. ವಾಚೂ ಮೊಳೆಯ ಮೇಲೆಯೇ ಇತ್ತು, ಆದರೆ ಪಟ್ಟಿ ಬೆಚ್ಚಗಿತ್ತು. ನನ್ನ ಬಲಗೈಯ ಮಣಿಕಟ್ಟಿನ ಸುತ್ತ, ಬಿಗಿಯಾಗಿ ಕಟ್ಟಿ ಆಗಷ್ಟೇ ಬಿಚ್ಚಿದಂತೆ, ಪಟ್ಟಿಯ ಕೆಂಪು ಗುರುತು ಎದ್ದಿತ್ತು.