ಮೂರು ಸಲ ಕಾಣೆಯಾದ ಡಿಸ್ಕ್

"ಇದು ಬದುಕುತ್ತಾ? ನಿಜ ಹೇಳಿ ಮೇಡಂ!"

ಕೌಂಟರಿನ ಆಚೆಯಿಂದ ಬಂದ ಗಾಬರಿಯ ದನಿಗೆ ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆ ಎತ್ತಿದಳು. ಎತ್ತರದ ಮನುಷ್ಯ, ತೋಳಿನ ತುಂಬ ಬೆಕ್ಕಿನ ಕೂದಲು, ಎದೆಗವಚಿಕೊಂಡ ಟವೆಲ್ಲಿನ ಗಂಟು. ನಾಯಿಮರಿ ಇರಬೇಕು ಅಂದುಕೊಂಡಳು... ಬಿಚ್ಚಿದರೆ ಲ್ಯಾಪ್‌ಟಾಪ್!

"ಇಲ್ಲಿ ಪ್ರಾಣಿಗಳನ್ನ ನೋಡಲ್ಲ ಅಂತ ಹೇಳೋಳಿದ್ದೆ," ಎಂದಳು.

"ಪ್ರಾಣಿಗಳನ್ನ ನಾನು ನೋಡ್ತೀನಿ. ಇದನ್ನ ನೀವು ನೋಡಿ."

ಅವನು ಎರಡು ಬೀದಿ ಆಚೆ ಇರುವ ಪುಟ್ಟ ಕ್ಲಿನಿಕ್ಕಿನ ಪಶುವೈದ್ಯ. ಅವಳು ಈ ರಿಪೇರಿ ಅಂಗಡಿಯ ಒಡತಿಯ ಅಕ್ಕನ ಮಗಳು. ಮುಂದೆ ಚಿಕ್ಕಮ್ಮ ಚಾರ್ಜರು, ಕೇಬಲ್ಲು ಮಾರುತ್ತಾಳೆ. ಹಿಂದಿನ ಮೇಜಿನ ಮೇಲೆ ಇವಳು ಬಿಚ್ಚುತ್ತಾಳೆ, ಜೋಡಿಸುತ್ತಾಳೆ. ಐದು ವರ್ಷದವಳಿದ್ದಾಗ ಬಿಸಿ ಎಲ್ಲಿ ಕೂತಿರುತ್ತೆ ನೋಡಬೇಕು ಎಂದು ಇಸ್ತ್ರಿಪೆಟ್ಟಿಗೆ ಬಿಚ್ಚಿದ್ದಳಂತೆ. ಅಂದಿನಿಂದ ಚಿಕ್ಕಮ್ಮನ ಬಾಯಲ್ಲಿ ಅವಳ ಹೆಸರು ಪತ್ತೇದಾರಿ.

"ಹೊಸ ಸಿಸ್ಟಮ್ ಹಾಕೋಣ ಅಂತ ನಾನೇ ಕೂತೆ," ಡಾಕ್ಟರು ತಪ್ಪೊಪ್ಪಿಗೆಯ ದನಿಯಲ್ಲಿ ಶುರು ಮಾಡಿದ. "ಹೊಸ ಎಕ್ಸ್‌ರೇ ಮಷೀನ್ ಬಂದಿದೆ. ಅದರ ಸಾಫ್ಟ್‌ವೇರು ಹಳೇದರಲ್ಲಿ ಓಡಲ್ಲ. ಇದು ಅರ್ಧಕ್ಕೆ ಬಂದು 'ಯಾವ ಡಿಸ್ಕೂ ಸಿಗಲಿಲ್ಲ' ಅಂತು. ದೊಡ್ಡ ರಸ್ತೆ ಅಂಗಡೀಲಿ ತೋರಿಸಿದ್ರೆ ಡಿಸ್ಕ್ ಸತ್ತೋಗಿದೆ ಅಂದ್ರು. ಅದರಲ್ಲಿ ನನ್ನ ಏಳು ವರ್ಷದ ರೋಗಿಗಳ ವಿವರ ಇದೆ!"

"ಬೇರೆ ಕಡೆ ನಕಲು ಇಟ್ಟಿದ್ದೀರಾ?"

ಅವನು ತುಂಬಾ ಗಮನವಿಟ್ಟು ಟವೆಲ್ ಮಡಚತೊಡಗಿದ.

"ಇಲ್ಲ ಅನ್ನಿ."

"ಇಲ್ಲ," ಎಂದ ಸಣ್ಣಗೆ.

ಹೊರಗೆ ಚಿಕ್ಕಮ್ಮ ಕಿಸಕ್ಕೆಂದಳು. ಪತ್ತೇದಾರಿ ಲ್ಯಾಪ್‌ಟಾಪ್ ತಿರುಗಿಸಿದಳು. ಬ್ಯಾಟರಿಯ ಜಾಗ ಖಾಲಿ.

"ಉಬ್ಬಿತ್ತು, ತೆಗೆಸಿದೆ. ಚಾರ್ಜರ್ ಹಾಕ್ಕೊಂಡೇ ಓಡಿಸ್ತೀನಿ."

ಅವಳು ಚಾರ್ಜರ್ ಚುಚ್ಚಿ, ಎಫ್ ಟೂ ಒತ್ತಿ ಬಯೋಸ್ ಒಳಗೆ ಹೋದಳು. ಸಿಸ್ಟಮ್ ಏಳುವುದಕ್ಕೂ ಮೊದಲು ಯಂತ್ರ ತನ್ನ ಕೈಕಾಲು ಎಲ್ಲಿವೆ ಎಂದು ಎಣಿಸಿಕೊಳ್ಳುವ ಜಾಗ ಅದು. ಮೂರನೇ ಪುಟದಲ್ಲಿ ಡಿಸ್ಕಿನ ಹೆಸರು, ಅಳತೆ ಸಮೇತ, ಸ್ಪಷ್ಟವಾಗಿತ್ತು.

"ಸತ್ತಿಲ್ಲ!"

ಡಾಕ್ಟರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಧೊಪ್ಪೆಂದು ಕೂತ.

"ಮಷೀನಿಗೆ ಡಿಸ್ಕ್ ಕಾಣ್ತಿದೆ. ಹೊಸ ಸಿಸ್ಟಮ್ ಹಾಕೋ ಇನ್‌ಸ್ಟಾಲರ್‌ಗೆ ಕಾಣ್ತಿಲ್ಲ. ಯಾಕೆ?" ಅವಳು ಕೇಳಿದ್ದು ತನ್ನನ್ನೇ.

"ಯಾಕೆ?" ಅವನೂ ಕೇಳಿದ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು.

ಎಲ್ಲ ಗಿರಾಕಿಗಳೂ ಕೇಳುವುದು 'ಯಾವಾಗ ಕೊಡ್ತೀರಿ' ಎಂದು. 'ಯಾಕೆ' ಎಂದು ಕೇಳಿದ ಮೊದಲ ಮನುಷ್ಯ ಇವನೇ ಇರಬೇಕು... ಅವಳಿಗೆ ಯಾಕೋ ಖುಷಿಯಾಯಿತು.

"ಡಿಸ್ಕಿಗೂ ಸಿಸ್ಟಮ್‌ಗೂ ಮಧ್ಯೆ ಒಬ್ಬ ದಳ್ಳಾಳಿ ಇದ್ದಾನೆ ಅಂದ್ಕೊಳ್ಳಿ. ಹಳೇ ಸಿಸ್ಟಮ್‌ಗೆ ಅವನ ಭಾಷೆ ಬರ್ತಿತ್ತು, ಹೊಸದಕ್ಕೆ ಬರಲ್ಲ. ಕಲಿಸೋಕೆ ಡ್ರೈವರ್ ಬೇಕು. ಈ ಹಳೇ ಮಾಡೆಲ್‌ಗೆ ಹೊಸ ಡ್ರೈವರ್ ಯಾರೂ ಮಾಡಿಲ್ಲ. ಅದಕ್ಕೆ ದಳ್ಳಾಳೀನೇ ಎಬ್ಬಿಸಿ ಕಳಿಸೋದು."

ಅದೇ ಮೂರನೇ ಪುಟದಲ್ಲಿ ಒಂದೇ ಒಂದು ಸಾಲು ಬದಲಾಯಿಸಿದಳು. ಬದಲಾಯಿಸಿದ್ದನ್ನು ಗಂಟೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಳು. ಅದು ಅವಳ ಪದ್ಧತಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮುಟ್ಟಿದ್ದೆಲ್ಲ ಪುಸ್ತಕದಲ್ಲಿ. ಮುಟ್ಟದೇ ಇದ್ದದ್ದನ್ನು ಮಾತ್ರ ಬರೆಯುತ್ತಿರಲಿಲ್ಲ. ಆ ಒಂದು ಹುಳುಕು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಇನ್‌ಸ್ಟಾಲರ್ ಮತ್ತೆ ಶುರುವಾಯಿತು. ಈ ಸಲ ಡಿಸ್ಕ್ ಕಾಣಿಸಿತು!

ಏಳು ವರ್ಷದ ವಿವರಗಳನ್ನು ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಹೊಸ ಸಿಸ್ಟಮ್ ಹಾಕಿ ಕೊಟ್ಟಳು. ಅವನು ಹೋದ ಮೇಲೆ ಮೇಜಿನ ಮೇಲೆ ನಾಲ್ಕು ಬೆಕ್ಕಿನ ಕೂದಲು ಉಳಿದಿದ್ದವು. ಒರೆಸಲು ಅವಳೇನೂ ಅವಸರ ಮಾಡಲಿಲ್ಲ.

* * *

ಮೂರೇ ದಿನ. ಟವೆಲ್ಲಿನ ಗಂಟು ಮತ್ತೆ ಬಂತು.

"ಮನೇಲಿ ಆನ್ ಮಾಡಿದ್ರೆ ಡಿಸ್ಕ್ ಇಲ್ಲ ಅಂತಿದೆ ಮೇಡಂ."

ನೋಡಿದರೆ ಅವಳು ಬದಲಾಯಿಸಿದ ಸಾಲು ಮೊದಲಿನಂತಾಗಿತ್ತು. ದಳ್ಳಾಳಿ ವಾಪಸ್!

'ಸೇವ್ ಮಾಡೋದು ಮರೆತೆನಾ?' ನೋಟ್‌ಬುಕ್ ತೆರೆದಳು. ಮಾಡಿದ್ದಳು. ಆದರೂ ತಪ್ಪು ತನ್ನದೇ ಇರಬೇಕು ಎಂದು ಮತ್ತೆ ಸರಿಮಾಡಿದಳು. ಹೇಗೆ ಎಂದು ಅವನಿಗೂ ತೋರಿಸಿದಳು.

"ಎಫ್ ಟೂ. ಮೂರನೇ ಪುಟ. ಈ ಸಾಲು. ಎಫ್ ಟೆನ್ ಒತ್ತಿ ಸೇವ್. ಅಷ್ಟೇ."

ಅವನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ. ಆಮೇಲೂ ಏಳಲಿಲ್ಲ.

"ನಿಮ್ಮ ರೋಗಿಗಳು ಬಾಯಿ ಬಿಟ್ಟು ಏನೂ ಹೇಳಲ್ಲ," ಅವಳು ಕುತೂಹಲ ತಡೆಯಲಾರದೆ ಕೇಳಿದಳು. "ಎಲ್ಲಿ ನೋವು ಅಂತ ಹೇಗೆ ಗೊತ್ತಾಗುತ್ತೆ?"

"ಬೆಕ್ಕಂತೂ ನೋವನ್ನ ಮುಚ್ಚಿಡುತ್ತೆ. ದಿನಾ ಕೂರೋ ಜಾಗ ಬಿಟ್ಟು ಬೇರೆ ಕಡೆ ಕೂತಿದ್ರೆ ಅನುಮಾನ ಪಡಬೇಕು. ಎತ್ತರಕ್ಕೆ ಹಾರ್ತಿದ್ದದ್ದು ಹಾರದೇ ಇದ್ರೆ ಮೊಣಕಾಲು ನೋಡಬೇಕು."

"ಮತ್ತೆ ಆಕಳಿಸಿದ್ರೆ?"

"ನಿದ್ದೆ ಬಂದಿದೆ ಅಂತ."

ಇಬ್ಬರೂ ನಕ್ಕರು. ಮುಂದಿನ ಅರ್ಧ ಗಂಟೆಯಲ್ಲಿ ಅವಳು ಹದಿನೇಳು ಪ್ರಶ್ನೆ ಕೇಳಿದಳು. ಚಿಕ್ಕಮ್ಮ ಎಣಿಸಿದ್ದಳು. ಅವನು ಹೋದ ಮೇಲೆ ಲೆಕ್ಕ ಒಪ್ಪಿಸಿಯೂ ಬಿಟ್ಟಳು.

"ಹದಿನೇಳು! ನಿಮ್ಮಮ್ಮ ಹುಡುಕಿದ ಗಂಡುಗಳಿಗೆ ನೀನು ಒಂದು ಪ್ರಶ್ನೆನೂ ಕೇಳ್ಲಿಲ್ಲ, ಪತ್ತೇದಾರಿ."

"ಸುಮ್ನಿರು ಚಿಕ್ಕಮ್ಮ!"

* * *

ಇನ್ನೂ ನಾಲ್ಕು ದಿನ ಕಳೆದವು. ಮಧ್ಯಾಹ್ನ ಅವನು ಬಾಗಿಲಲ್ಲಿ ಕಂಡಾಗ ಅವಳ ಎದೆ ಹಗುರಾಗಿ ಹಾರಿತು. ಕೈಯಲ್ಲಿ ಮತ್ತದೇ ಟವೆಲ್ ಕಂಡಾಗ ಹಾರಿದ್ದು ಅಲ್ಲೇ ನಿಂತಿತು.

ಎಫ್ ಟೂ. ಮೂರನೇ ಪುಟ. ಸಾಲು ಮತ್ತೆ ಬದಲಾಗಿತ್ತು.

'ಇದು ತಾನಾಗಿ ಬದಲಾಗಲ್ಲ. ಯಾರೋ ಬದಲಾಯಿಸಬೇಕು. ಹೇಗೆ ಅಂತ ನಾನೇ ಹೇಳಿಕೊಟ್ಟಿದ್ದೀನಲ್ಲ...'

ಎರಡು ವರ್ಷದ ಹಿಂದೆ, ದೊಡ್ಡ ಶೋರೂಮಿನ ಸರ್ವೀಸ್ ಡೆಸ್ಕಿನಲ್ಲಿದ್ದಾಗ ಒಬ್ಬ ಹೀಗೇ ಬರುತ್ತಿದ್ದ. ಕೆಡದ ಫೋನನ್ನು ಕೆಟ್ಟಿದೆ ಎಂದು ವಾರಕ್ಕೆರಡು ಸಲ ತರುತ್ತಿದ್ದ. ಇವಳು ನಂಬಿ, ಗಂಟೆಗಟ್ಟಲೆ ಹುಡುಕಿ, ನಗುತ್ತಾ ಮಾತಾಡಿದ್ದಳು. ಆಮೇಲೆ ಗೊತ್ತಾಯಿತು, ಗಾಜಿನ ಆಚೆ ಅವನ ಗೆಳೆಯರು ನಿಂತು 'ಇವತ್ತು ಎಷ್ಟು ನಿಮಿಷ ಕೂರಿಸ್ಕೊಂಡ್ಳು' ಎಂದು ಪಂದ್ಯ ಕಟ್ಟುತ್ತಿದ್ದರು. ಶೋರೂಮಿಗೆಲ್ಲ ಅದೇ ನಗೆಪಾಟಲಾಯಿತು. ಅವಳು ಆ ಕೆಲಸವನ್ನೇ ಬಿಟ್ಟಳು.

"ಡಾಕ್ಟ್ರೇ, ಇದನ್ನ ನೀವೇ ಬದಲಾಯಿಸಿದ್ದೀರಿ."

"ನಾನಾ? ಇಲ್ಲ!"

"ಇಲ್ಲಿದ್ದಾಗ ಸರಿ ಇರುತ್ತೆ. ನಿಮ್ಮನೆಗೆ ಹೋದ ಕೂಡಲೇ ಕೆಡುತ್ತೆ. ಎರಡು ಸಲ! ನಿಮ್ಮ ನಾಯಿಗಳೇನಾದ್ರೂ ಬಯೋಸ್ ಒಳಗೆ ಹೋದ್ವಾ?"

"ಮೇಡಂ, ನಾನು ಮುಟ್ಟಿಲ್ಲ."

"ನಂಗೆ ಈ ನೆಪಗಳೆಲ್ಲ ಗೊತ್ತು. ಇಲ್ಲಿ ಬಂದು ಕೂರೋಕೆ ಕೆಟ್ಟ ಲ್ಯಾಪ್‌ಟಾಪ್ ಒಂದು ಬೇಕು, ಅಲ್ವಾ? ಹೊರಗೆ ಎಷ್ಟು ಜನ ಗೆಳೆಯರು ಕಾಯ್ತಿದ್ದಾರೆ?"

ಅವನಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ಉಳಿದದ್ದೆಲ್ಲ ಅರ್ಥವಾಯಿತು. ಅವನ ಮುಖದಿಂದ ನಗು ಪೂರ್ತಿ ಇಳಿದುಹೋಯಿತು.

"ನಾಯಿಗೆ ಏನೂ ತಿನ್ನಿಸಿಲ್ಲ ಅಂತ ಯಜಮಾನ್ರು ಹೇಳಿದ್ರೆ," ನಿಧಾನವಾಗಿ ಹೇಳಿದ, "ನಾನು ಮೊದಲು ನಾಯೀನ ಪರೀಕ್ಷೆ ಮಾಡ್ತೀನಿ. ಯಜಮಾನ್ರನ್ನ ಸುಳ್ಳ ಅನ್ನಲ್ಲ. ಲ್ಯಾಪ್‌ಟಾಪ್ ಇಲ್ಲೇ ಇರ್ಲಿ. ನೋಡಿ. ತಪ್ಪು ನನ್ನದಾದ್ರೆ ಹೇಳಿ ಕಳಿಸಿ."

ಹೋಗಿಬಿಟ್ಟ. ಟವೆಲ್ಲನ್ನೂ ಬಿಟ್ಟು.

"ಅವನ ಮುಖ ನೋಡಿದ್ಯೇನೇ?" ಚಿಕ್ಕಮ್ಮನ ದನಿಯಲ್ಲಿ ತಮಾಷೆ ಇರಲಿಲ್ಲ. "ಮಷೀನು ಸುಳ್ಳು ಹೇಳ್ದಾಗ ವಾರಗಟ್ಟಲೆ ತಲೆ ಕೆಡಿಸ್ಕೋತೀಯ. ಮನುಷ್ಯನಿಗೆ ಐದು ನಿಮಿಷಾನೂ ಕೊಡಲಿಲ್ಲ."

ಅವಳು ಸಾಲನ್ನು ಸರಿಮಾಡಿ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದಳು. ಮತ್ತೆ ಆರಿಸಿದಳು, ಮತ್ತೆ ಹಚ್ಚಿದಳು. ಇಪ್ಪತ್ತು ಸಲ! ಒಂದು ಸಲವೂ ಸಾಲು ಬದಲಾಗಲಿಲ್ಲ.

ಹಾಗಾದರೆ ತಾನೇ ಸರಿ. ಅವನೇ ಸುಳ್ಳ.

ಗೆದ್ದವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. 'ನನ್ನ ಊಹೆ ತಪ್ಪಾಗಿರ್ಲಿ ಅಂತ ಇಷ್ಟೊಂದು ಯಾಕೆ ಬಯಸ್ತಿದ್ದೀನಿ?' ಈ ಪ್ರಶ್ನೆಗೆ ಉತ್ತರ ನಮಗೆ ಗೊತ್ತು, ಚಿಕ್ಕಮ್ಮನಿಗೂ ಗೊತ್ತು. ಪತ್ತೇದಾರಿಗೆ ಮಾತ್ರ ಪತ್ತೆಯಾಗಿರಲಿಲ್ಲ.

* * *

ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಚಿಕ್ಕಮ್ಮ ಬಿಸಿನೀರಿನ ಕೆಟಲ್ ಹಿಡಿದು ಪ್ಲಗ್ ಹುಡುಕಿದಳು. ಖಾಲಿ ಇರಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಕೆಟಲ್ ಚುಚ್ಚಿದಳು.

ಹತ್ತು ಗಂಟೆಗೆ ಬಂದ ಪತ್ತೇದಾರಿ ಗೊಣಗುತ್ತಾ ಚಾರ್ಜರನ್ನು ಮತ್ತೆ ಚುಚ್ಚಿ, ಲ್ಯಾಪ್‌ಟಾಪ್ ಹಚ್ಚಿದಳು.

'ಯಾವ ಡಿಸ್ಕೂ ಸಿಗಲಿಲ್ಲ.'

ಕಣ್ಣು ಉಜ್ಜಿಕೊಂಡು ಮತ್ತೆ ಓದಿದಳು.

"ಚಿಕ್ಕಮ್ಮ! ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ವೈರು ಕಿತ್ತೆ, ಅಷ್ಟೇ. ಯಾಕೆ, ಅದೂ ಅಪರಾಧಾನಾ?"

ವೈರು ಕಿತ್ತದ್ದು... ಬ್ಯಾಟರಿ ಇಲ್ಲದ ಮಷೀನಿಗೆ... ಅವಳು ಎಫ್ ಟೂ ಒತ್ತಿದಳು. ಪ್ರತಿ ಸಲವೂ ಸರ್ರನೆ ದಾಟಿ ಹೋಗುತ್ತಿದ್ದ ಮೊದಲನೇ ಪುಟದಲ್ಲಿ ಈ ಸಲ ನಿಂತಳು. ಅಲ್ಲಿ ತಾರೀಖು ಜನವರಿ ಒಂದು. ಇಸವಿ, ಎಂಟು ವರ್ಷ ಹಿಂದಿನದು!

ಹಿಂದಿನ ಮುಚ್ಚಳ ಬಿಚ್ಚಿ, ಬೋರ್ಡಿನ ಮೂಲೆಯ ನಾಣ್ಯದಗಲದ ಸೆಲ್ಲಿಗೆ ಮೀಟರಿನ ಕಡ್ಡಿ ತಾಗಿಸಿದಳು. ಮೂರು ವೋಲ್ಟ್ ಇರಬೇಕಾದಲ್ಲಿ ಒಂದೂ ಇರಲಿಲ್ಲ. ಕರೆಂಟು ಇಲ್ಲದಾಗ ಯಂತ್ರದ ಸಮಯವನ್ನೂ ಸೆಟ್ಟಿಂಗನ್ನೂ ನೆನಪಿಟ್ಟುಕೊಳ್ಳುವ ಸೆಲ್ ಅದು. ಅಂಗಡಿಯಲ್ಲಿ ಚಾರ್ಜರ್ ಸದಾ ಚುಚ್ಚಿರುತ್ತಿತ್ತು, ನೆನಪಿರುತ್ತಿತ್ತು. ಅವನು ಕಿತ್ತು, ಟವೆಲ್ಲಿನಲ್ಲಿ ಸುತ್ತಿ ಹೊರಟ ಕೂಡಲೇ ಎಲ್ಲ ಮರೆತು ಹುಟ್ಟಿದ ದಿನಕ್ಕೆ ಹೋಗುತ್ತಿತ್ತು. ಸಿಸ್ಟಮ್ ಎದ್ದ ಮೇಲೆ ಇಂಟರ್‌ನೆಟ್‌ನಿಂದ ಗಂಟೆ ಸರಿಯಾಗುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ನೋಟ್‌ಬುಕ್ ತಿರುವಿದಳು. ಮೂರು ಸಲ ಮೊದಲ ಪುಟ ದಾಟಿದ್ದಳು. ಮೂರು ಸಲವೂ ಆ ತಪ್ಪು ತಾರೀಖು ಅಲ್ಲೇ ಇತ್ತು. ತಾನು ಮುಟ್ಟದ ಪುಟವಲ್ಲವೇ ಎಂದು ನೋಡಿರಲಿಲ್ಲ.

"ಅಯ್ಯೋ ದೇವರೇ... ನಾನೇನು ಮಾಡಿಬಿಟ್ಟೆ!"

"ಸೆಲ್ ಬದಲಾಯಿಸು," ಚಿಕ್ಕಮ್ಮ ಕೆಟಲ್ ಇಳಿಸುತ್ತಾ ಹೇಳಿದಳು, "ಆಮೇಲೆ ಇಲ್ಲಿ ಅಳ್ತಾ ಕೂರಬೇಡ. ಕ್ಲಿನಿಕ್ ಎರಡೇ ಬೀದಿ ಆಚೆ."

* * *

ಕ್ಲಿನಿಕ್ಕಿನ ಬೆಂಚಿನ ಮೇಲೆ ಬುಟ್ಟಿಯೊಳಗೊಂದು ಬೆಕ್ಕು, ಎರಡು ನಾಯಿ, ಅವುಗಳ ಯಜಮಾನರು. ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಸಾಲಿನ ಕೊನೆಯಲ್ಲಿ ಕೂತಳು. ಗೋಡೆಯ ಪಕ್ಕ ಎಕ್ಸ್‌ರೇ ಮಷೀನು ಇನ್ನೂ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಮುಂದಿನವರು!"

ಒಳಗೆ ಸ್ಟೀಲ್ ಮೇಜಿನ ಮೇಲೆ, ಚಿಪ್ಪಿಗೆ ಪಟ್ಟಿ ಅಂಟಿಸಿಕೊಂಡ ಆಮೆಯೊಂದು ಎಲೆ ತಿನ್ನುತ್ತಿತ್ತು. ಅವನು ತಲೆ ಎತ್ತಿದ. ನಗಲಿಲ್ಲ.

ಅವಳು ಸತ್ತ ಸೆಲ್ಲನ್ನು ಆಮೆಯ ಪಕ್ಕದಲ್ಲಿಟ್ಟಳು.

"ತಪ್ಪು ನಿಮ್ಮದಲ್ಲ. ಇದರದ್ದು. ಮತ್ತೆ... ನನ್ನದು." ತಡವರಿಸುತ್ತಾ ಎಲ್ಲ ಹೇಳಿದಳು. ಸೆಲ್ಲಿನ ಕಥೆ, ತಾರೀಖಿನ ಕಥೆ. ಆಮೇಲೆ, ಯಾರಿಗೂ ಪೂರ್ತಿ ಹೇಳಿರದ ಶೋರೂಮಿನ ಕಥೆ, ಗಾಜಿನ ಆಚೆಯ ನಗು. "ಅವನ ಮೇಲಿನ ಸಿಟ್ಟನ್ನ ನಿಮ್ಮ ಮೇಲೆ ತೀರಿಸಿಕೊಂಡೆ. ಕ್ಷಮಿಸಿ ಡಾಕ್ಟ್ರೇ. ನೀವು ಸುಳ್ಳು ಹೇಳಿರ್ಲಿಲ್ಲ."

ಅವನು ಮನ್ನಿಸಿದೆ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಅವನು ಕೈಗವಸು ಕಳಚಿ, ಅವಳ ಎದುರು ಬಂದು ನಿಂತ.

"ಈ ಕಥೆ ಕೇಳಿದ ಮೇಲೆ ಸುಮ್ಮನಿದ್ರೆ ನಂಗೆ ನಿದ್ದೆ ಬರಲ್ಲ. ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ."

"ಅಂದ್ರೆ?"

"ಸೆಟ್ಟಿಂಗ್ ನಾನು ಮುಟ್ಟಿಲ್ಲ, ನಿಜ. ಆದ್ರೆ ಮೂರನೇ ಸಲ... ಸರಿಮಾಡೋದು ಹೇಗೆ ಅಂತ ನಂಗೆ ಗೊತ್ತಿತ್ತು. ನೀವೇ ಕಲಿಸಿದ್ರಲ್ಲ. ಎರಡು ನಿಮಿಷದ ಕೆಲಸ. ಮಾಡ್ಲಿಲ್ಲ. ಎತ್ಕೊಂಡು ನಿಮ್ಮ ಹತ್ರ ಬಂದೆ."

ಅವಳು ತಲೆ ಎತ್ತಿದಳು.

"ಯಾಕೆ?"

"ನಿಮ್ಮನ್ನ ನೋಡಬೇಕು ಅನ್ನಿಸ್ತು. ಹಾಗಂತ ಹೇಳೋ ಧೈರ್ಯ ಇರ್ಲಿಲ್ಲ. ನೀವು ಬೈದಾಗ ಅದಕ್ಕೇ ಅಷ್ಟು ನೋವಾಯ್ತು. ಅರ್ಧ ನಿಜ ಇತ್ತಲ್ಲ..."

ಅವಳ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ಹೊರಗೆ ನಗುವವರು ಯಾರೂ ಇರಲಿಲ್ಲ.

"ಇದನ್ನ... ಯಾರಿಗಾದ್ರೂ ಹೇಳಿದ್ದೀರಾ?"

"ಒಬ್ಬರಿಗೆ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಯಾರಿಗೆ?"

ಅವನು ಮೇಜಿನ ಕಡೆ ಕೈ ತೋರಿಸಿದ. "ಇವರಿಗೆ. ನಿನ್ನೆ ಸಂಜೆ. ಏನೂ ಅಭಿಪ್ರಾಯ ಕೊಡ್ಲಿಲ್ಲ, ತಿಂತಾನೇ ಇದ್ರು."

ಆಮೆ ಎಲೆ ಜಗಿಯುತ್ತಾ ಅವಳನ್ನೇ ನೋಡಿತು. ಮೊದಲು ಅವಳಿಗೆ ನಗು ಬಂತು, ಆಮೇಲೆ ಅಳು ಬಂತು, ಕೊನೆಗೆ ಎರಡೂ ಒಟ್ಟಿಗೇ ಬಂದವು. ಶೋರೂಮಿನವನು ಗೆಳೆಯರನ್ನು ನಗಿಸಲು ಬರುತ್ತಿದ್ದ. ಇವನು ಸಿಕ್ಕಿಬೀಳದೇ ಇದ್ದಾಗಲೂ ಬಾಯಿ ಬಿಟ್ಟು ಒಪ್ಪಿಕೊಂಡಿದ್ದ. ಎರಡಕ್ಕೂ ಇದ್ದ ವ್ಯತ್ಯಾಸ ಅವಳಿಗೆ ಈಗ ಹಗಲಿನಷ್ಟು ಸ್ಪಷ್ಟವಾಗಿತ್ತು.

ಲ್ಯಾಪ್‌ಟಾಪನ್ನು ಅವನ ಕೈಗಿಟ್ಟಳು. ಬೆರಳು ತಾಗಿದವು. ಇಬ್ಬರೂ ಹಿಂದಕ್ಕೆ ತೆಗೆಯಲಿಲ್ಲ.

"ಹೊಸ ಸೆಲ್ ಹಾಕಿದ್ದೀನಿ. ಐದು ವರ್ಷ ಏನೂ ತೊಂದರೆ ಆಗಲ್ಲ."

"ಐದು ವರ್ಷಾನಾ!" ಅವನ ಮುಖ ಸಪ್ಪಗಾಯಿತು. "ಅಲ್ಲಿವರೆಗೆ ನಾನು ಏನು ಹೇಳ್ಕೊಂಡು ನಿಮ್ಮಂಗಡಿಗೆ ಬರ್ಲಿ?"

"ಏನೂ ಹೇಳ್ಬೇಡಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಬರಿಗೈಲಿ ಬನ್ನಿ. ಸಂಜೆ ಆರಕ್ಕೆ ಕಾಯ್ತಿರ್ತೀನಿ."